‘ಪೀಣ್ಯ’ ಅಂದುಕೊಂಡ ಗಾಮಾ ಸ್ಫೋಟ

ನಮ್ಮ ಎಕ್ಸ್-ರೇ ಉಪಗ್ರಹ ಕಕ್ಷೆ ಸೇರಿದ ಮೊದಲ ವರ್ಷ. ವೈಟ್‌ಫೀಲ್ಡ್‌ನ ದತ್ತಾಂಶ ಕೇಂದ್ರದಲ್ಲಿ ಎಚ್ಚರಿಕೆ ವಿಭಾಗದ ಹೊಣೆ ನನ್ನದಾಗಿತ್ತು. ಉಪಗ್ರಹದಲ್ಲಿದ್ದ ಸ್ಕೈ ಮಾನಿಟರ್ ಆಕಾಶದ ದೊಡ್ಡ ಭಾಗವನ್ನು ಒಟ್ಟಿಗೇ ಕಾಯುವ ಉಪಕರಣ. ಎಲ್ಲೋ ದೂರದಲ್ಲಿ ಭಾರಿ ನಕ್ಷತ್ರವೊಂದು ಕುಸಿದಾಗ ಚಿಮ್ಮುವ ಗಾಮಾ ಕಿರಣಗಳ ಸ್ಫೋಟ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದರ ದಿಕ್ಕನ್ನು ಕೂಡಲೇ ತಿಳಿಸಿದರೆ ಭೂಮಿಯ ಟೆಲಿಸ್ಕೋಪ್‌ಗಳು ಆರುತ್ತಿರುವ ಬೆಳಕನ್ನಾದರೂ ಹಿಡಿಯಬಹುದು. ತಡವಾದರೆ ಅದೂ ಇಲ್ಲ.

ಸುಳ್ಳು ಎಚ್ಚರಿಕೆಗೆ ನಮ್ಮಲ್ಲಿ ‘ಪೀಣ್ಯ’ ಎನ್ನುತ್ತಿದ್ದೆವು. ಉಪಕರಣವನ್ನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಪರೀಕ್ಷಿಸುವಾಗ ಪಕ್ಕದವರು ವೆಲ್ಡಿಂಗ್ ಶುರುಮಾಡಿದರೆ ಸಾಕು, ಪರದೆಯ ಮೇಲಿನ ಗೆರೆ ಜಿಗಿಯುತ್ತಿತ್ತು. ಕಕ್ಷೆಯಲ್ಲಿ ವೆಲ್ಡಿಂಗ್ ಇಲ್ಲ. ಆದರೆ ದಕ್ಷಿಣ ಅಟ್ಲಾಂಟಿಕ್ ಮೇಲೆ ವಿದ್ಯುದಾವೇಶದ ಕಣಗಳು ದಟ್ಟವಾಗಿರುವ ಪ್ರದೇಶವೊಂದಿದೆ. ಅಲ್ಲಿಯೂ ಅದೇ ಜಿಗಿತ. ಹೆಸರು ಹಾಗೇ ಉಳಿಯಿತು.

ಒಂದು ಮಧ್ಯಾಹ್ನ ಆ ಪ್ರದೇಶದ ಅಂಚಿನಲ್ಲೇ ಗೆರೆ ಜಿಗಿಯಿತು. ಪಾಳಿಯಲ್ಲಿದ್ದ ಕಿರಣ್ ಊಟದ ಡಬ್ಬಿ ತೆಗೆಯುತ್ತಲೇ, “ಪೀಣ್ಯ ಸಾರ್. ಬನ್ನಿ, ಅನ್ನ ಆರೋಗುತ್ತೆ” ಅಂದ.

ದಿಕ್ಕು ಲೆಕ್ಕ ಹಾಕುವ ಪ್ರೋಗ್ರಾಂ ಬರೆದ ದಾವಣಗೆರೆಯ ಶಶಿಕಲಾ ಮಾತ್ರ ಏಳಲಿಲ್ಲ. “ತಡೀರಿ, ನೆರಳು ನೋಡೋಣ.”

ಉಪಗ್ರಹದ ಸ್ಕೈ ಮಾನಿಟರ್ ಮುಂದೆ ತೂತುಗಳಿರುವ ಲೋಹದ ಹಾಳೆಯಿದೆ. ಒಂದೇ ದಿಕ್ಕಿನಿಂದ ಬಂದ ಕಿರಣ ಅದರ ನೆರಳು ಬೀಳಿಸುತ್ತದೆ. ಎಲ್ಲ ಕಡೆಯಿಂದ ನುಗ್ಗುವ ಕಣಗಳು ಬೀಳಿಸುವುದಿಲ್ಲ.

ನೆರಳಿತ್ತು, ಮಸುಕಾಗಿ.

“ಹೋದ ವಾರಾನೂ ನೆರಳು ಅಂದ್ರಿ ಮೇಡಂ. ಹವಾಯಿ ಟೆಲಿಸ್ಕೋಪಿನವರು ಖಾಲಿ ಆಕಾಶ ನೋಡ್ಕೊಂಡು ಕೂತ್ರು.”

“ಆವತ್ತು ಅರ್ಧ ಹಾಳೆಗಷ್ಟೇ ಹೊಂದಿತ್ತು. ಇದು ಪೂರ್ತಿ ಕೂತದ ನೋಡ್ರಿ. ಮೊದಲು ನಿಮ್ಮ ಡಬ್ಬಿ ಮುಚ್ಚಿ!”

ಇನ್ನೊಂದು ಸುಳ್ಳು ಎಚ್ಚರಿಕೆ ಹೋದರೆ ನಮ್ಮ ಮಾತಿಗೆ ಯಾರೂ ಟೆಲಿಸ್ಕೋಪ್ ತಿರುಗಿಸುತ್ತಿರಲಿಲ್ಲ. ಸುಮ್ಮನಿದ್ದರೆ ಆ ಬೆಳಕು ಮತ್ತೆ ಸಿಗುತ್ತಿರಲಿಲ್ಲ. “ಕಳಿಸಿ” ಎಂದೆ. ನನ್ನ ನೆನಪು ಹೀಗಿದೆ. ತಾವು ಕಳಿಸಿದ ಮೇಲೆ ನಾನು ತಲೆಯಾಡಿಸಿದೆ ಎನ್ನುತ್ತಾರೆ ಶಶಿಕಲಾ. ಅವರು ಹೇಳಿದ್ದೇ ನಿಜವಿರಬೇಕು. ಧೈರ್ಯದ ಮಾತುಗಳನ್ನೆಲ್ಲ ನೆನಪು ನನ್ನ ಬಾಯಲ್ಲೇ ಇಡುತ್ತದೆ.

ಸಂಜೆ ಹವಾಯಿಯಿಂದ ಉತ್ತರ ಬಂತು. ನಾವು ಹೇಳಿದ ಜಾಗದಲ್ಲಿ, ಹಳೆಯ ಚಿತ್ರಗಳಲ್ಲಿ ಇಲ್ಲದ ಒಂದು ಚುಕ್ಕಿ. ನೋಡುತ್ತಿದ್ದಂತೆ ಮಂಕಾಗುತ್ತಿದೆ.

ಕಿರಣ್ ತನ್ನ ಡಬ್ಬಿಯನ್ನು ಶಶಿಕಲಾ ಮುಂದಿಟ್ಟ. “ಆರೋಗಿದೆ ಮೇಡಂ, ಆದ್ರೂ ತಿನ್ನಿ.”

ಯಾವುದಕ್ಕಾದರೂ ಹೆಸರು ಕೊಟ್ಟುಬಿಟ್ಟರೆ ಅದನ್ನು ಮತ್ತೆ ನೋಡುವ ಗೋಜಿಗೆ ನಾವು ಹೋಗುವುದಿಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ‘ಪೀಣ್ಯ’ ಎಂಬ ಮಾತು ನಮ್ಮಲ್ಲಿ ಈಗಲೂ ಇದೆ. ಹೊಸಬರು ಯಾರಾದರೂ ಹಾಗಂದರೆ ಮೊದಲು ತಿರುಗಿ ಕೇಳುವವನು ಕಿರಣ್: “ನೆರಳು ನೋಡಿದ್ಯಾ ಗುರು?”