ಜಬ್ಬಾರ್ ಭಾಯಿಯ ಲೋಟಗಳು

ಕುಡಿಯುವವರ ಮೇಲೆ ನನಗೇನೂ ಸಿಟ್ಟಿಲ್ಲ. ದುಡಿದ ಮೈ, ಸಂಜೆಯಾದರೆ ಬಾರಿಗೆ ಹೋಗುತ್ತಾರೆ, ಕುಡಿಯುತ್ತಾರೆ, ಬಯ್ಯಿಸಿಕೊಳ್ಳುವುದಿದ್ದರೆ ಮನೆಯಲ್ಲಿ ಬಯ್ಯಿಸಿಕೊಳ್ಳುತ್ತಾರೆ. ನನ್ನ ಸಿಟ್ಟೆಲ್ಲ ಕದ್ದು ತಂದು ಕುಡಿಯುವ ಮರ್ಯಾದಸ್ಥರ ಮೇಲೆ. ವೈನ್ ಸ್ಟೋರಿನಲ್ಲಿ ಕೊಂಡದ್ದನ್ನು ಬ್ಯಾಗಿನಲ್ಲಿಟ್ಟುಕೊಂಡು ಇನ್ನೊಬ್ಬರ ಹೋಟೆಲಿಗೆ ನುಗ್ಗಿ, ಅವರ ಮೇಜು, ಅವರ ಫ್ಯಾನು, ಅವರ ಲೋಟ ಬಳಸಿ ಕುಡಿದು, ಬಾಯಿ ಒರೆಸಿಕೊಂಡು ಎದ್ದು ಹೋಗುವವರು ಇವರು. ಬಾರಿಗೆ ಯಾಕಪ್ಪಾ ಹೋಗುವುದಿಲ್ಲ ಎಂದರೆ, ಅಲ್ಲಿ ಊರು ನೋಡುತ್ತದಂತೆ.

ಈ ಕಳ್ಳತನಕ್ಕೂ ಒಂದು ರೀತಿ ರಿವಾಜು ಮಾಡಿಕೊಂಡಿದ್ದಾರೆ. ಬಣ್ಣ ಇರುವುದನ್ನು ಕೋಲಾ ಬಾಟಲಿಗೆ ಸುರಿದು ತರಬೇಕು, ಬಣ್ಣ ಇಲ್ಲದ್ದನ್ನು ನೀರಿನ ಬಾಟಲಿಗೆ. ಬರೀ ಕುಡಿದು ಏಳಬಾರದು, ಊಟ ಹೇಳಬೇಕು. ದನಿ ಎತ್ತಬಾರದು, ಸಪ್ಲೈಯರ್ ಕೈಗೆ ಏನಾದರೂ ತುರುಕಿ ಹೋಗಬೇಕು. ಇಷ್ಟು ಮಾಡಿದರೆ ತಾವು ಡೀಸೆಂಟ್ ಎಂದು ಅವರಿಗೆ ಅವರೇ ಸರ್ಟಿಫಿಕೇಟು ಕೊಟ್ಟುಕೊಳ್ಳುತ್ತಾರೆ. ಹೋಟೆಲಿನವನನ್ನು ಒಂದು ಮಾತು ಕೇಳಬೇಕು ಅನ್ನುವುದು ಮಾತ್ರ ಆ ರಿವಾಜಿನಲ್ಲಿ ಎಲ್ಲೂ ಇಲ್ಲ.

ಹಾಗೆ ಯಾರೂ ಒಂದು ಮಾತು ಕೇಳದ ಹೋಟೆಲಿನವರು ನಮ್ಮ ಅಬ್ದುಲ್ ಜಬ್ಬಾರ್. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನನ್ನ ಗೊಬ್ಬರದ ಅಂಗಡಿ, ಎದುರಿಗೇ ಅವರ ಬಿರಿಯಾನಿ ಹೋಟೆಲು. ಮಧ್ಯಾಹ್ನದ ಊಟ ನನಗೆ ಅಲ್ಲೇ. ಜಬ್ಬಾರ್ ಭಾಯಿ ಹುಟ್ಟಿ ಬೆಳೆದದ್ದು ಚಾಮರಾಜನಗರದಲ್ಲಿ. ತಾಯಿ ಉಮ್ಮೆ ಹಬೀಬಾ ಅಲ್ಲಿಯ ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುತ್ತಿದ್ದವರು. ಮಗ ಸೌದೆ ಒಡೆಯುತ್ತ, ದೇಗ್ಚಿ ಪಾತ್ರೆ ತಿಕ್ಕುತ್ತ ಆಕೆಯ ಕೈಕೆಳಗೇ ಬಿರಿಯಾನಿ ಕಲಿತರು. ಮೆಹರ್ ಬಾನುವನ್ನು ಮದುವೆಯಾಗಿ ಹೆಂಡತಿಯ ಊರಾದ ಗುಂಡ್ಲುಪೇಟೆಗೆ ಬಂದು ಹೋಟೆಲಿಟ್ಟರು. ಇವತ್ತಿಗೂ ಅಕ್ಕಿ ನೆನೆಹಾಕುವಾಗ ಅಮ್ಮ ಹೀಗೆ ಮಾಡ್ತಿದ್ರು ಎಂದು ಒಂದು ಸಲವಾದರೂ ಹೇಳದಿದ್ದರೆ ಅವರಿಗೆ ಸಮಾಧಾನವಿಲ್ಲ.

ತಾಯಿ ತೀರಿಕೊಂಡ ವರ್ಷ ಅವರು ಒಂದು ಕೆಲಸ ಮಾಡಿದರು. ಪಾತ್ರೆ ಅಂಗಡಿಯಿಂದ ಒಂದು ದೊಡ್ಡ ಬುಟ್ಟಿಯ ತುಂಬ ಸ್ಟೀಲ್ ಲೋಟ ತಂದರು. ಒಂದೊಂದು ಲೋಟದ ಮೇಲೂ 'ಉಮ್ಮೆ ಹಬೀಬಾ' ಎಂದು ಹೆಸರು ಕೆತ್ತಿಸಿದರು. ಅಂಗಡಿಯವನಿಗೆ ಉರ್ದು ಬರುತ್ತಿರಲಿಲ್ಲ, ಕನ್ನಡದಲ್ಲೇ ಕೆತ್ತಿದ. ಬಾಯಾರಿದವರಿಗೆ ತೀರಿಕೊಂಡವರ ಹೆಸರಿನಲ್ಲಿ ನೀರು ಕೊಟ್ಟರೆ ಅದರ ಪುಣ್ಯ ಅವರಿಗೆ ಮುಟ್ಟುತ್ತದೆ ಅನ್ನುವುದು ಅವರ ನಂಬಿಕೆ. ರಂಜಾನ್ ಬಂದರೆ ಪ್ರತಿ ಸಂಜೆ ಒಂದು ದೇಗ್ಚಿ ಗಂಜಿ, ಈ ಲೋಟಗಳ ಬುಟ್ಟಿ, ಎರಡೂ ಆಟೊ ಹತ್ತಿ ಮಸೀದಿಗೆ ಹೋಗುತ್ತವೆ. ಉಪವಾಸ ಬಿಡುವವರು ಆ ಲೋಟಗಳಲ್ಲೇ ಗಂಜಿ ಕುಡಿಯುತ್ತಾರೆ. ಉಳಿದ ತಿಂಗಳೆಲ್ಲ ಅವು ಹೋಟೆಲಿನ ಮೇಜುಗಳ ಮೇಲಿರುತ್ತವೆ. ಪೇಪರ್ ಲೋಟ ಇಟ್ಟರೆ ತೊಳೆಯುವ ಕೆಲಸ ತಪ್ಪುತ್ತದಲ್ಲ ಎಂದು ನಾನೇ ಒಮ್ಮೆ ಹೇಳಿದ್ದೆ.

"ನಿಮ್ಮಂಥೋರು ಒಂದ್ ಲೋಟ ನೀರ್ ಕುಡುದ್ರೂ ಅಮ್ಮಂಗೆ ಓಗಿ ಸೇರ್ತದೆ ಅಣ್ಣಾ," ಎಂದರು ಅವರು. ನಾನು ಇನ್ನೊಂದು ಲೋಟ ನೀರು ತುಂಬಿಸಿಕೊಂಡು ಕುಡಿದೆ.

ಇಂಥ ಲೋಟದಲ್ಲಿ ಮರ್ಯಾದಸ್ಥರು ಕುಡಿಯುತ್ತಿದ್ದರು. ಗೋಡೆಯ ಮೇಲೆ 'ಮದ್ಯಪಾನ ನಿಷೇಧಿಸಲಾಗಿದೆ' ಎಂಬ ಬೋರ್ಡು ಕಣ್ಣಿಗೆ ರಾಚುವಂತಿತ್ತು. ಊಟಿಗೆ ಹೋಗುವ ಕಾರಿನವರು ಕೋಲಾ ಬಾಟಲಿ ಬಿಚ್ಚಿದಾಗ ವಾಸನೆಗೇ ಗೊತ್ತಾಗಿ ಜಬ್ಬಾರ್ ಭಾಯಿ ಹತ್ತಿರ ಹೋಗಿ, ಪಕ್ಕದ ಮೇಜಿಗೂ ಕೇಳಿಸದ ಹಾಗೆ "ಇಲ್ಲಿ ಬ್ಯಾಡಿ ಅಣ್ಣಾ" ಅನ್ನುತ್ತಿದ್ದರು. ಅವರು ಎದ್ದು ಹೋದ ಮೇಲೆ ಆ ಲೋಟಗಳನ್ನು ಬೇರೆ ಇಟ್ಟು, ಹುಣಸೆಹಣ್ಣು ಹಾಕಿ ತಾವೇ ಕೂತು ಉಜ್ಜುತ್ತಿದ್ದರು. ಒಬ್ಬ ಮನುಷ್ಯ ಇಷ್ಟು ಮೆತ್ತಗಿದ್ದರೆ ಜನ ತಲೆಯ ಮೇಲೆ ಕೂರುತ್ತಾರೆ. ಅದೇ ಜನ ನಾಲ್ಕು ಅಂಗಡಿ ಆಚೆಗಿರುವ ಶಶಿಕುಮಾರನ ಬಾರಿಗೆ ಹೊರಗಿನ ಬಾಟಲಿ ಒಯ್ದು ನೋಡಲಿ, ಕಾಲರ್ ಹಿಡಿದು ಆಚೆ ಹಾಕುತ್ತಾನೆ. ಅಲ್ಲಿ ತೋರಿಸುವ ಭಯಭಕ್ತಿ ಇಲ್ಲಿಲ್ಲ.

ಇವರಲ್ಲೆಲ್ಲ ಮೇಲಿನವನು ಈರುಳ್ಳಿ ಮಂಡಿಯ ಮಾದೇಶ್. ಮದ್ದೂರಿನ ಕಡೆಯಿಂದ ಹೆಣ್ಣು ತಂದವನು. ಮಾವ ದೊಡ್ಡಮಲ್ಲಪ್ಪ ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ, ಮದ್ಯ ಮುಟ್ಟುವವರನ್ನು ಹೊಸಿಲು ಹತ್ತಿಸುವವರಲ್ಲ. ಹಾಗಾಗಿ ಮಾದೇಶ್ ತರುತ್ತಿದ್ದದ್ದು ನೀರಿನಂತೆ ಕಾಣುವ ವೋಡ್ಕಾ, ನೀರಿನ ಬಾಟಲಿಯಲ್ಲಿ. ಬಣ್ಣವೂ ಇಲ್ಲ, ಹೇಳಿಕೊಳ್ಳುವಂಥ ವಾಸನೆಯೂ ಇಲ್ಲ. ಎಷ್ಟೋ ದಿನದಿಂದ ಆ ಬೋರ್ಡಿನ ಕೆಳಗೇ ಕೂತು ಉಮ್ಮೆ ಹಬೀಬಾ ಹೆಸರಿನ ಲೋಟಕ್ಕೆ ಸುರಿದುಕೊಂಡು ಕುಡಿಯುತ್ತಿದ್ದ. ಜಬ್ಬಾರ್ ಭಾಯಿಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ನನಗೂ ಗೊತ್ತಿರಲಿಲ್ಲ.

ಈ ರಂಜಾನಿನ ಒಂದು ಸಂಜೆ. ಗಂಜಿ ಆಗಲೇ ಮಸೀದಿಗೆ ಹೋಗಿತ್ತು, ಜಬ್ಬಾರ್ ಭಾಯಿಯ ಮಗ ಯಾಸಿರ್ ಅದರ ಜೊತೆ ಹೋಗಿದ್ದ. ನಾನು ಮನೆಗೆ ಪಾರ್ಸೆಲ್ ಹೇಳಿ ಬೆಂಚಿನ ಮೇಲೆ ಕಾಯುತ್ತಿದ್ದೆ. ಮಾದೇಶ್ ತನ್ನ ಇಬ್ಬರು ಗೆಳೆಯರ ಜೊತೆ ಮಾಮೂಲಿ ಜಾಗದಲ್ಲಿ ಕೂತಿದ್ದ. ಜಬ್ಬಾರ್ ಭಾಯಿ ಗಲ್ಲಾದ ಮುಂದೆ ಒಂದು ತಟ್ಟೆಯಲ್ಲಿ ಖರ್ಜೂರ, ಪಕ್ಕಕ್ಕೆ ಒಂದು ಲೋಟ, ಎರಡು ಮೂರು ನೀರಿನ ಬಾಟಲಿ ಇಟ್ಟುಕೊಂಡು ಉಪವಾಸ ಬಿಡಲು ಮಸೀದಿಯಲ್ಲಿ ಬಾಂಗ್ ಕೂಗುವುದನ್ನೇ ಕಾಯುತ್ತಿದ್ದರು. ಇಡೀ ದಿನ ಒಲೆಯ ಮುಂದೆ ನಿಂತು ತುಟಿ ಒಣಗಿ ಹೋಗಿತ್ತು.

ಅಷ್ಟರಲ್ಲಿ ದೊಡ್ಡಮಲ್ಲಪ್ಪ ಒಳಗೆ ಬಂದರು. ಊರಿಗೆ ಹೋಗುವ ಬಸ್ಸು ಹಿಡಿಯುವ ಮುಂಚೆ ಮೊಮ್ಮಕ್ಕಳಿಗೆ ಬಿರಿಯಾನಿ ಕಟ್ಟಿಸಿಕೊಳ್ಳಲು ಬಂದಿದ್ದರಂತೆ. ಮಾದೇಶ್ ಮಾವನನ್ನು ಕಂಡವನೇ ಬಾಟಲಿ ಎತ್ತಿಕೊಂಡು ಎದ್ದ. "ಬನ್ನಿ ಮಾವಾ" ಎನ್ನುತ್ತ ಗಲ್ಲಾದ ಹತ್ತಿರ ಬಂದು, ಅದನ್ನು ಅಲ್ಲಿದ್ದ ನೀರಿನ ಬಾಟಲಿಗಳ ನಡುವೆ ಇಟ್ಟುಬಿಟ್ಟ. ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ನೀರು ಇಟ್ಟ ಅಂದುಕೊಂಡೆ.

ಬಾಂಗ್ ಆಯಿತು. ಜಬ್ಬಾರ್ ಭಾಯಿ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿ, ಖರ್ಜೂರ ಬಾಯಿಗೆ ಹಾಕಿಕೊಂಡು, ಕೈಗೆ ಹತ್ತಿರವಾದ ಬಾಟಲಿಯನ್ನು ಎತ್ತಿ ಲೋಟಕ್ಕೆ ಸುರಿದರು. ಅದು ಮಾದೇಶನ ಬಾಟಲಿ. ಮಾದೇಶ್ ನೋಡಿದ. ಅವನ ಬಾಯಿ ತೆರೆಯಿತು. ಪಕ್ಕದಲ್ಲಿ ಮಾವ ನಿಂತಿದ್ದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಬೇಡ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ಅಕ್ಷರ! ಅದನ್ನು ಆಡಲಿಲ್ಲ ಆ ಪುಣ್ಯಾತ್ಮ. ದಿನವೆಲ್ಲ ಒಂದು ಹನಿ ನೀರು ಕುಡಿಯದ ಮನುಷ್ಯ ದೊಡ್ಡ ಗುಟುಕನ್ನೇ ನುಂಗಿದರು.

ಗಂಟಲು ಸುಟ್ಟ ಹಾಗಾಗಿ ಉಳಿದದ್ದನ್ನು ಉಗಿದು ನಲ್ಲಿಯ ಕಡೆಗೆ ಓಡಿದರು. ಕೆಮ್ಮು ನಿಲ್ಲಲಿಲ್ಲ.

"ಏನಾಯ್ತು ಸಾಬ್ರೆ?" ಎಂದರು ದೊಡ್ಡಮಲ್ಲಪ್ಪ ಗಾಬರಿಯಾಗಿ.

"ನೆತ್ತಿಗ್ ಹತ್ತಿರ್ಬೇಕು ಬುಡಿ ಮಾವಾ. ಹಸ್ಕಂಡಿದ್ರಲ್ಲ," ಎಂದ ಮಾದೇಶ್.

ಜಬ್ಬಾರ್ ಭಾಯಿ ಮುಖ ಒರೆಸಿಕೊಳ್ಳುತ್ತ ಬಂದರು. ಬಾಟಲಿ ಎತ್ತಿ ಮೂಸಿದರು. ಮಾದೇಶನ ಮುಖ ನೋಡಿದರು, ಅವನ ಮಾವನ ಮುಖ ನೋಡಿದರು. ಆಗ ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ದೊಡ್ಡಮಲ್ಲಪ್ಪ ಅಳಿಯನನ್ನು ಅಲ್ಲೇ ಹುಟ್ಟಲಿಲ್ಲ ಅನ್ನಿಸಿಬಿಡುತ್ತಿದ್ದರು. ಅವರು ಹೇಳಲಿಲ್ಲ. ಗಿರಾಕಿಯ ಮಾನವನ್ನು ಅವನ ಹೆಣ್ಣು ಕೊಟ್ಟ ಮಾವನ ಮುಂದೆ ಕಳೆಯಬಾರದೆಂದು ಪಾರ್ಸೆಲ್ ಕಟ್ಟಿಕೊಟ್ಟು ಕಳಿಸಿದರು.

ಮಾವ ರಸ್ತೆ ದಾಟಿದ ಮೇಲೆ ಮಾದೇಶ್ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. ಏನು ಹೇಳಿದ ಗೊತ್ತೇ?

"ತಲೆ ಕೆಡಿಸ್ಕಬ್ಯಾಡಿ ಸಾಬ್ರೆ. ನಾವ್ ಯಾರ್ಗೂ ಹೇಳಕಿಲ್ಲ."

ಇವನು ಹೇಳುವುದಿಲ್ಲವಂತೆ! ಜಬ್ಬಾರ್ ಭಾಯಿಯೇ ಕದ್ದು ಕುಡಿದು ಸಿಕ್ಕಿಬಿದ್ದ ಹಾಗೆ, ಇವನು ದೊಡ್ಡ ಮನಸ್ಸು ಮಾಡಿ ಗುಟ್ಟು ಕಾಪಾಡುವ ಹಾಗೆ! ನನಗೆ ಆಗ ಎಲ್ಲ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು.

"ನಿಮ್ ಮಾವ ನೋಡ್ಬುಟ್ಟಾರು ಅಂತ ಆವಯ್ಯನ ಬಾಯ್ಗೆ ಎಣ್ಣೆ ಓಗದ ನೋಡ್ಕಂಡ್ ನಿಂತಿದ್ಯಲ್ಲಲಾ! ಮನ್ಸನಾ ನೀನು?" ಎಂದು ಕೂಗಿದೆ.

"ಮೆತ್ತಗೆ ಅಣ್ಣಾ, ಮೆತ್ತಗೆ. ನಾವೇನ್ ಗಲಾಟೆ ಮಾಡುದ್ವಾ? ಒಂದಿನಾನಾರ ಜೋರಾಗ್ ಮಾತಾಡಿದ್ದೀವಾ ಇಲ್ಲಿ? ಡೀಸೆಂಟಾಗ್ ಬತ್ತೀವಿ, ಡೀಸೆಂಟಾಗ್ ಓಯ್ತೀವಿ. ಎಷ್ಟೋ ದಿನದಿಂದ ಹಿಂಗೇ ನಡ್ಕಂಡ್ ಬಂದದೆ."

ಎಷ್ಟೋ ದಿನದಿಂದ ಎಂಬ ಮಾತು ಕೇಳಿದ್ದೇ ಜಬ್ಬಾರ್ ಭಾಯಿ ಕುಸಿದು ಕೂತರು. ತಾವು ನುಂಗಿದ ಗುಟುಕಿಗಿಂತ ಈ ಮಾತು ಅವರನ್ನು ಹೆಚ್ಚು ಸುಟ್ಟಿತು. ಇಷ್ಟು ದಿನ ಮಸೀದಿಗೆ ಹೋದದ್ದು ಇವೇ ಲೋಟಗಳು ತಾನೇ? ಊರವರು ಉಪವಾಸ ಬಿಟ್ಟದ್ದು ಇವುಗಳಲ್ಲೇ ತಾನೇ? ಅಮ್ಮನ ಹೆಸರಿನಲ್ಲಿ ಏನನ್ನು ಹಂಚಿದೆ ನಾನು ಎಂದು ಒಂದೇ ಸಮ ಕೇಳುತ್ತಿದ್ದರು. ಉತ್ತರ ಹೇಳಬೇಕಾದವನು ಆಗಲೇ ಬೈಕು ಹತ್ತಿದ್ದ.

ಮಾರನೆಯ ದಿನ ಗಂಜಿಗೆ ಒಲೆ ಹಚ್ಚಲಿಲ್ಲ. ಇವತ್ತು ಗಂಜಿ ಇಲ್ಲವೆಂದು ಯಾಸಿರ್‌ನಿಂದ ತಿಳಿದು, ಬೆಳಿಗ್ಗೆ ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರೇ ಹೋಟೆಲಿಗೆ ಬಂದರು. ಜಬ್ಬಾರ್ ಭಾಯಿ ಒಂದನ್ನೂ ಮುಚ್ಚಿಡದೆ ಹೇಳಿಕೊಂಡರು. ಹಜರತ್ತರು ಪೂರ್ತಿ ಕೇಳಿ, ಗೊತ್ತಿಲ್ಲದೆ ಆದದ್ದಕ್ಕೆ ಪಾಪವಿಲ್ಲ, ತೊಳೆದರೆ ಲೋಟ ಶುದ್ಧ, ಗಂಜಿ ಕಳಿಸಿ, ಜನ ಕಾಯುತ್ತಾರೆ ಎಂದು ಸಮಾಧಾನ ಹೇಳಿ ಹೋದರು. ಮೆಹರ್ ಬಾನು ಕೂಡಲೇ ಒಲೆ ಹಚ್ಚಿಸಿದರು, ಲೋಟಗಳನ್ನೆಲ್ಲ ಹೊರಗೆ ಹಾಕಿಕೊಂಡು ತೊಳೆದರು. ಗಂಡ ಮಾತ್ರ ಅವುಗಳ ಕಡೆ ನೋಡಲಿಲ್ಲ. ಇವನ್ನೆಲ್ಲ ಗುಜರಿಗೆ ಹಾಕಿಬಿಡುತ್ತೇನೆ, ಅಮ್ಮನ ಹೆಸರು ಇನ್ನು ಯಾರ ಕೈಗೂ ಸಿಗುವುದು ಬೇಡ ಅಂದರು. ನಾನು ಬೇಡಿಕೊಂಡೆ, ಕೇಳಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ತಪ್ಪು ಮಾಡಿದವನು ಮಂಡಿಯಲ್ಲಿ ಈರುಳ್ಳಿ ಹರಾಜು ಕೂಗುತ್ತಿದ್ದಾನೆ, ಮಾಡದವನು ತಾಯಿಯ ಹೆಸರನ್ನು ಗುಜರಿಗೆ ಹಾಕುತ್ತಿದ್ದಾನೆ.

ಬಿಸಿಲು ಇಳಿಯುವ ಹೊತ್ತಿಗೆ ಮಾದೇಶ್ ಬಂದ. ಮುಖ ಸಪ್ಪಗಿತ್ತು, ಅಷ್ಟನ್ನು ಒಪ್ಪಿಕೊಳ್ಳುತ್ತೇನೆ. ಕೈಯಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬ. ಗಲ್ಲಾದ ಮೇಲಿಟ್ಟು ಬಿಚ್ಚಿದ. ಫಳಫಳ ಹೊಳೆಯುವ ಹೊಸ ಸ್ಟೀಲ್ ಲೋಟಗಳು.

"ಆಗಿದ್ ಆಗೋಯ್ತು ಸಾಬ್ರೆ. ಹಳೇವ್ನ ಬುಟ್ಟಾಕಿ. ಇನ್ಮೇಕೆ ಇವ್ನೇ ಮಸೀದಿಗ್ ಕಳ್ಸಿ."

ಜಬ್ಬಾರ್ ಭಾಯಿ ಒಂದು ಲೋಟ ಎತ್ತಿಕೊಂಡರು. ಬೇಡ ಅನ್ನುವ ಶಕ್ತಿಯೂ ಅವರಿಗೆ ಇದ್ದಂತೆ ಕಾಣಲಿಲ್ಲ, ತಲೆ ಆಡಿಸಿಯೇಬಿಡುವವರಿದ್ದರು. ನಾನೂ ಒಂದನ್ನು ಎತ್ತಿ ತಿರುಗಿಸಿ ನೋಡಿದೆ. 'ದಾನಿಗಳು: ಮಾದೇಶ್, ಈರುಳ್ಳಿ ಮಂಡಿ' ಎಂದು ಕೆತ್ತಿಸಿದ್ದ. ಒಂದರಲ್ಲಲ್ಲ, ಎಲ್ಲದರಲ್ಲೂ! ನನ್ನ ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದನ್ನು ಆಡುವ ಮೊದಲೇ ಮೆಹರ್ ಬಾನು ಅಡುಗೆಮನೆಯಿಂದ ಬಂದು ಗಂಡನ ಕೈಯಲ್ಲಿದ್ದ ಲೋಟ ಇಸಿದುಕೊಂಡರು. ಹೆಸರು ಓದಿದರು. ಡಬ್ಬದಲ್ಲಿಟ್ಟು, ಡಬ್ಬವನ್ನು ಮಾದೇಶನ ಕಡೆಗೆ ತಳ್ಳಿದರು.

"ಇದ್ರಲ್ಲಿ ನಿಮ್ ಹೆಸ್ರೈತೆ ಅಣ್ಣಾ, ನಿಮ್ ಮನೇಲೇ ಇರ್ಲಿ. ನಿಮ್ ಮಾವ್ನೂ ನಿಮ್ ಮಕ್ಳೂ ಮುಂದೆ ಕೂತಿರುವಾಗ ಇದ್ರಲ್ಲೇ ಆಕ್ಕಂಡ್ ಕುಡೀರಿ. ನಿಮ್ ಹೆಸ್ರಲ್ಲಿ ಅಲ್ಲಿ ಕುಡಿಯಕ್ಕೆ ನಾಚ್ಕೆ ಆಯ್ತದಲ್ಲ? ಮತ್ತೆ ನಮ್ಮತ್ತೆ ಹೆಸ್ರಲ್ಲಿ ಇಲ್ಲಿ ಎಂಗ್ ಕುಡುದ್ರಿ?"

ಮಾದೇಶ್ ನನ್ನ ಮುಖ ನೋಡಿದ, ನಾನು ಸಹಾಯ ಮಾಡುತ್ತೇನೆಂದುಕೊಂಡನೋ ಏನೋ. ಹೊರಗೆ ಯಾಸಿರ್ ಆಟೊ ತಂದು ನಿಲ್ಲಿಸಿದ್ದ. ಜಬ್ಬಾರ್ ಭಾಯಿ ಹೆಂಡತಿಯ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ತೊಳೆದಿಟ್ಟಿದ್ದ ಹಳೆಯ ಲೋಟಗಳ ಬುಟ್ಟಿಯನ್ನು ಎತ್ತಿ ಎದೆಗೆ ಅವಚಿಕೊಂಡು ಬಂದರು. ಮಾದೇಶ್ ಡಬ್ಬ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದ.

ಅಲ್ಲಿಯವರೆಗೆ ಗಿರಾಕಿಗೆ ಎದುರು ಮಾತಾಡಿದವರಲ್ಲ ಅವರು. "ಗಂಜಿ ಹೊರಡೋ ಹೊತ್ತಾಯ್ತು," ಎಂದರು, ರಸ್ತೆಗೇ ಕೇಳಿಸುವ ಹಾಗೆ. "ದಾರಿ ಬುಡು ಮಾದೇಶ."