ಬೆರಿಲ್ ಬಳಿದ ಓಕ್ ಗೋಡೆ

ಬೆರಿಲ್ ಆಕ್ರಾಯ್ಡ್ ಬದುಕಿನ ಬಹುಪಾಲು ಜನರ ಕಣ್ಣಿಗೆ ಮಣ್ಣೆರಚುತ್ತಲೇ ಕಳೆದವಳು. ಅದಕ್ಕೆ ಸಂಬಳವನ್ನೂ ಎಣಿಸಿಕೊಂಡವಳು. ಅಗ್ಗದ ಪೈನ್ ಹಲಗೆಗೆ ಬಣ್ಣ ಬಳಿದು, ಒದ್ದೆ ಬಣ್ಣದ ಮೇಲೆ ಉಕ್ಕಿನ ಬಾಚಣಿಗೆ ಎಳೆದು ಅದನ್ನು ಥೇಟ್ ಓಕ್ ಮರದಂತೆ ಕಾಣಿಸುವುದೇ ಅವಳ ಕಸುಬು. ಬ್ರಾಡ್‌ಫರ್ಡಿನ ಅರ್ಧ ಪಬ್ಬುಗಳ ಬಾಗಿಲು ಅವಳ ಕೈಯದೇ. ಶವಪೆಟ್ಟಿಗೆಗಳಿಗೂ ಬಳಿದಿದ್ದಾಳೆ. "ಒಳಗೆ ಮಲಗಿದೋರು ಯಾರೂ ಎದ್ದು ಬಂದು, ಇದು ಓಕ್ ಅಲ್ಲ ಅಂತ ಜಗಳ ಆಡಿಲ್ಲ ಚಿನ್ನಾ" ಎಂದು ಮಗನ ಮದುವೆಯ ಊಟದಲ್ಲೇ ಸೊಸೆ ಟ್ಯಾಮ್ಸಿನ್‌ಗೆ ಹೇಳಿದ್ದಳು. ಲೀಡ್ಸ್ ನಗರದಲ್ಲಿ ಓದಿ ಬೆಳೆದ ಟ್ಯಾಮ್ಸಿನ್‌ಗೆ ಅಂದು ನಗಬೇಕೋ ಬೇಡವೋ ತಿಳಿಯಲಿಲ್ಲ. ಈಗಲೂ ಎಷ್ಟೋ ಸಲ ತಿಳಿಯುವುದಿಲ್ಲ.

ಬೆರಿಲ್‌ಗೆ ಇದ್ದ ಒಂದೇ ಆಸ್ತಿ, ಗಂಡ ಬಿಟ್ಟುಹೋದ ಹಳೇ ಕ್ಯಾರವಾನ್, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ. ಕೆನೆಬಣ್ಣದ ಮೈ, ಹಸಿರು ಪಟ್ಟಿ, ಹೆಸರು ಡಚೆಸ್. ಬೇಸಿಗೆ ಬಂದರೆ ಫೈಲಿ ಸಮುದ್ರದ ಪಕ್ಕದ ಮೈದಾನಕ್ಕೆ ಅಂಥ ಮುದಿ ಗಾಡಿಗಳೆಲ್ಲ ಬಂದು ಸೇರುತ್ತವೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಉಳಿಸಿಕೊಂಡವರಿಗೆ ಬೆಳ್ಳಿ ಬಟ್ಟಲು. ಬೆರಿಲ್ ಅದಕ್ಕಾಗಿ ವರ್ಷವರ್ಷವೂ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಈ ವರ್ಷ ಅವಳಿಗೆ ಬಟ್ಟಲಿನ ಜತೆಗೆ ಮೊಮ್ಮಗಳೂ ಬೇಕಾಗಿತ್ತು. ಮಗ ಚಿಕ್ಕವನಿದ್ದಾಗ ಮಲಗುತ್ತಿದ್ದ ಪುಟ್ಟ ಅಟ್ಟಣೆಯಲ್ಲಿ ಈಗಷ್ಟೇ ಹೆಜ್ಜೆ ಇಡಲು ಕಲಿತ ಪೋಸಿ ಮಲಗಬೇಕು, ಬೆಳಿಗ್ಗೆ ಬೇಕನ್ ಹುರಿಯುವ ಸದ್ದಿಗೆ ಏಳಬೇಕು.

ಟ್ಯಾಮ್ಸಿನ್ ಗಾಡಿಯ ಒಳಗೆ ಹೋಗಿ ಒಲೆಯ ಮೂಲೆ ನೋಡಿದಳು. ಒಲೆಯ ಬೆನ್ನಿಗೇ ಓಕ್ ಪದರ ಅಂಟಿಸಿದ ಪ್ಲೈವುಡ್ ಗೋಡೆ. ಅದರ ಮೇಲೆ ಎಷ್ಟು ಬೇಸಿಗೆಗಳ ವಾರ್ನಿಷ್ಷೋ, ಒತ್ತಿದರೆ ಉಗುರು ಅಂಟುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಹುಂಜದ ಚಿತ್ರದ ಪರದೆ ಒಲೆಯ ಕಡೆ ಬಾಗಿ ಬಾಗಿ ಮಾತಾಡಿಸುತ್ತಿತ್ತು. ಟ್ಯಾಮ್ಸಿನ್ ಅದನ್ನು ಆಚೆ ಸರಿಸಿ ಹಿಡಿದಳು.

"ಇದು ಅಡುಗೆಮನೆ ಅಲ್ಲ ಬೆರಿಲ್, ಬೆಂಕಿಪೊಟ್ಟಣ. ಇದ್ರಲ್ಲಿ ನನ್ನ ಮಗು ಮಲಗಲ್ಲ."

"ನಿನ್ನ ಗಂಡ ಇದ್ರಲ್ಲೇ ಮಲಗಿ ಬೆಳೆದ. ಎಲ್ಲಾದ್ರೂ ಸುಟ್ಟಿದ್ಯಾ, ನೋಡ್ಕೋ!"

"ಗೋಡೆಗೆ ಉಕ್ಕಿನ ತಗಡು ಹೊಡೀರಿ, ಆಮೇಲೆ ಮಾತು."

"ತಗಡು! ಸಗ್ಡನ್ ನನ್ನ ಸುಲಿದುಬಿಡ್ತಾನೆ!"

ಕತ್ಬರ್ಟ್ ಸಗ್ಡನ್ ಬಹುಮಾನದ ತೀರ್ಪುಗಾರ. ಕಿಟಕಿಯ ತಿರುಪು ಹೊಸದೆಂದು ಒಬ್ಬ ವಿಧವೆಗೆ ಕಣ್ಣೀರು ಹಾಕಿಸಿದವನು. ಸುಟ್ಟು ಹೋದರೂ ಸರಿ, ಹಳೆಯದೇ ಸುಡಬೇಕು ಎಂಬುದು ಆ ಮೈದಾನದವರೆಲ್ಲರ ನಂಬಿಕೆ.

ಟ್ಯಾಮ್ಸಿನ್ ಜಗ್ಗಲಿಲ್ಲ. ಒಂದು ವಾರ ಅತ್ತೆ ಸೊಸೆಯರ ನಡುವೆ ಚಹಾ ಮಾತ್ರ ಓಡಾಡಿತು, ಮಾತಿಲ್ಲ. ಆಮೇಲೊಂದು ಬೆಳಿಗ್ಗೆ ಬೆರಿಲ್ ಫೋನ್ ಮಾಡಿದಳು. "ತಗಡು ತಂದಿದೀನಿ. ಬಿಯರ್ರೂ ತಂದಿದೀನಿ. ಬಾ."

"ಬಿಯರ್ ಯಾಕೆ?"

"ಸಗ್ಡನ್ ಕಣ್ಣಿಗೆ ತಗಡು ಓಕ್ ಆಗ್ಬೇಕಲ್ಲ. ಹಳಸಿದ ಬಿಯರ್‌ನಲ್ಲಿ ಬಣ್ಣ ಕಲಸಿದ್ರೇನೇ ಓಕ್ ಬರೋದು. ಹಳಸೋಕೆ ಮುಂಚೆ ತಾಜಾ ಇತ್ತು, ಪಾಪ, ಸ್ವಲ್ಪ ಗಂಟಲಿಗೂ ಹೋಯ್ತು."

ಟ್ಯಾಮ್ಸಿನ್ ಶರತ್ತುಗಳನ್ನು ಹೊತ್ತೇ ಬಂದಳು. ತಗಡಿಗೂ ಪ್ಲೈವುಡ್ಡಿಗೂ ನಡುವೆ ಗಾಳಿ ಆಡುವಷ್ಟು ಸಂದು ಇರಬೇಕು, ಇಲ್ಲದಿದ್ದರೆ ತಗಡೇ ಕಾದು ಗೋಡೆಯನ್ನು ಸುಡುತ್ತದೆ. ತಗಡಿಗೆ ಮೊದಲು ಒಲೆಗಳಿಗೆ ಬಳಿಯುವ ಬಣ್ಣ, ಮೇಲೆ ವಾರ್ನಿಷ್ ಕೂಡದು. ಪರದೆಯ ಹುಂಜಗಳು ಹೊರಗೆ. ಬೆಂಕಿಗೆ ಹೊದಿಸುವ ಕಂಬಳಿ ಬಾಗಿಲ ಬಳಿ ಇರಬೇಕು. ಒಲೆಯ ಮೇಲೆ ನೇತುಹಾಕಿದರೆ ಉರಿಯೊಳಗೆ ಕೈಹಾಕಿ ತೆಗೆಯುವವರು ಯಾರು? ಬಳಿದ ತುಂಡೊಂದಕ್ಕೆ ಅವಳೇ ಉರಿ ಉಗುಳುವ ಬ್ಲೋಲ್ಯಾಂಪ್ ಹಿಡಿದು ನೋಡಿದಳು. ಹೊಗೆಯಾಡಿತು, ಹೊತ್ತಿಕೊಳ್ಳಲಿಲ್ಲ. ಬಣ್ಣ ಒಂದಿಷ್ಟು ಕಂದಿತು.

"ಅಯ್ಯೋ, ಇದಕ್ಕೆ ನನಗಿಂತ ಚೆನ್ನಾಗಿ ವಯಸ್ಸು ಹಚ್ತೀಯಲ್ಲೇ!" ಎಂದಳು ಬೆರಿಲ್. ಸೊಸೆಗೆ ಅಂದು ಮೊದಲ ಸಲ ನಗು ಬಂತು.

ಬಾಚಣಿಗೆ ಎಳೆದು, ಚಿಂದಿ ಸುತ್ತಿದ ಹೆಬ್ಬೆರಳಿನಿಂದ ಮರದ ಗಂಟುಗಳನ್ನು ಒತ್ತಿ ಮೂಡಿಸಿ ಬೆರಿಲ್ ಗೋಡೆ ಮುಗಿಸಿದಾಗ, ಉಕ್ಕೆಂದು ಗೊತ್ತಿದ್ದ ಟ್ಯಾಮ್ಸಿನ್ನೇ ಮುಟ್ಟಿ ನೋಡಿದಳು. ಮೈದಾನಕ್ಕೆ ಬಂದದ್ದಂತೂ ಆಯಿತು, ಆದರೆ ಮಗು ಒಳಗೆ ಮಲಗುವ ಮಾತಿಗೆ ಅವಳಿನ್ನೂ ಹೂಂ ಅಂದಿರಲಿಲ್ಲ. ಬಟ್ಟಲಿನ ಆಸೆಗೆ ಅತ್ತೆ ಕೊನೇ ಗಳಿಗೆಯಲ್ಲಿ ತಗಡು ಕಿತ್ತುಬಿಟ್ಟರೆ? ಪೋಸಿಯ ಹಾಸಿಗೆ ಕಾರಿನಲ್ಲೇ ಉಳಿಯಿತು.

ಸಗ್ಡನ್ ಭೂತಗನ್ನಡಿ ಹಿಡಿದು ಬಂದ. ಒಲೆಯ ಹಿಂದಿನ ಗೋಡೆಯನ್ನು ಕಂಡವನೇ ಟೋಪಿ ತೆಗೆದ.

"ಆಹಾ! ಈಗಿನವರಿಗೆ ಎಲ್ಲಿ ಸಿಗ್ಬೇಕು ರೀ ಇಂಥ ಓಕ್!"

"ಎಲ್ಲೂ ಸಿಗಲ್ಲ" ಎಂದಳು ಬೆರಿಲ್, ಪ್ರಾಮಾಣಿಕವಾಗಿ.

ಟ್ಯಾಮ್ಸಿನ್ ಕಿವಿ ಕೆಂಪಾಗಿ ನೆಲ ನೋಡುತ್ತಿದ್ದಳು. ಅವಳ ಕಂಕುಳಲ್ಲಿದ್ದ ಪೋಸಿ, ಮನೆಯ ಫ್ರಿಜ್ಜಿನಿಂದ ಕಿತ್ತು ತಂದಿದ್ದ ಅಯಸ್ಕಾಂತದ ಬಾತುಕೋಳಿಯನ್ನು ಕೈಚಾಚಿ ಗೋಡೆಗೆ ಇಟ್ಟಳು. ಟಕ್! ಬಾತುಕೋಳಿ ಓಕ್ ಮರಕ್ಕೆ ಅಂಟಿಕೊಂಡಿತು.

ಸಗ್ಡನ್ ಬಾತುಕೋಳಿಯನ್ನು ನೋಡಿದ. ಬಾತುಕೋಳಿ ಸಗ್ಡನ್ನನನ್ನು ನೋಡಿತು.

"ಶೆಫೀಲ್ಡ್ ಕಡೆಯ ಮರ" ಎಂದಳು ಬೆರಿಲ್, ರೆಪ್ಪೆ ಮಿಟುಕಿಸದೆ. "ಉಕ್ಕಿನ ಕಾರ್ಖಾನೆಗಳ ಊರಲ್ವಾ, ಬೇರಿಗೆಲ್ಲ ಕಬ್ಬಿಣ ಇಳಿದಿರುತ್ತೆ."

ಸಗ್ಡನ್ನನ ಮೀಸೆ ಅದುರಿತು. ಆದರೂ ತೀರ್ಪುಗಾರ ತೀರ್ಪುಗಾರನೇ. "ಮಿಸೆಸ್ ಆಕ್ರಾಯ್ಡ್, ಇದೊಂದು ಬಿಟ್ಟರೆ ಬಟ್ಟಲು ನಿಮ್ಮದೇ. ತಿರುಪು ಬಿಚ್ಚಿ ತೆಗೀರಿ. ಚಹಾ ಕುಡಿದು ಮತ್ತೆ ಬರ್ತೀನಿ, ಏನೂ ನೋಡಿಲ್ಲ ಅಂದ್ಕೋತೀನಿ."

ತಿರುಪುಗಳು ನಾಲ್ಕೇ. ಬೆರಿಲ್‌ನ ಏಪ್ರನ್ ಜೇಬಿನಲ್ಲಿ ಸ್ಕ್ರೂಡ್ರೈವರ್ ಇರುವುದು ಟ್ಯಾಮ್ಸಿನ್‌ಗೆ ಗೊತ್ತಿತ್ತು. ಅತ್ತೆಯ ಕೈ ಜೇಬಿಗೆ ಹೋಯಿತು.

ಹೊರಬಂದದ್ದು ಕರವಸ್ತ್ರ. ಬೆರಿಲ್ ಅದರಿಂದ ಬಾತುಕೋಳಿಯ ಮೂತಿ ಒರೆಸಿದಳು.

"ಬರಲ್ಲ ಕಣ್ರೀ. ಬೇರು ಬಿಟ್ಬಿಟ್ಟಿದೆ."

ಬಟ್ಟಲು ಪಕ್ಕದ ಗಾಡಿಗೆ ಹೋಯಿತು. ಬೆರಿಲ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದು, "ಅವರ ಪರದೆ ಒಲೆ ಮೇಲೇ ಇದೆ, ನೋಡಿದ್ಯಾ? ಮುಂದಿನ ವರ್ಷಕ್ಕೆ ಬರೀ ಬಟ್ಟಲೇ ಉಳಿದಿರುತ್ತೆ" ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು. ಟ್ಯಾಮ್ಸಿನ್ ಕಾರಿನತ್ತ ನಡೆದು, ಪೋಸಿಯ ಹಾಸಿಗೆಯನ್ನು ಹೊತ್ತು ತಂದು ಅಟ್ಟಣೆಯ ಮೇಲೆ ಹಾಸಿದಳು. ಆಮೇಲೆ ಒಲೆಯ ಗ್ಯಾಸಿನ ಗುಂಡಿ ಮುಚ್ಚಿದೆಯೇ ಎಂದು ನೋಡಿದಳು. ಮತ್ತೆ ತಿರುಗಿ ಬಂದು ನೋಡಿದಳು.

"ಇನ್ನೊಂದ್ಸಲ ನೋಡ್ಬಿಡು ಚಿನ್ನಾ" ಎಂದಳು ಬೆರಿಲ್, ಬೇಕನ್ ಪೊಟ್ಟಣ ಬಿಚ್ಚುತ್ತ. "ಎರಡೇ ಸಲಕ್ಕೆ ಬಿಟ್ರೆ ಗುಂಡಿ ಬೇಜಾರು ಮಾಡ್ಕೊಳ್ಳುತ್ತೆ."

ಟ್ಯಾಮ್ಸಿನ್ ನೋಡಿಯೇಬಿಟ್ಟಳು.