ಮೈಲಾರಪ್ಪನ ಹೊಟ್ಟೆ

ಕುರುಗೋಡು ಬಸ್ ನಿಲ್ದಾಣದ ಎದುರು ಮೈಲಾರಪ್ಪನ ಮಿರ್ಚಿ ಗಾಡಿ, ಪಕ್ಕದಲ್ಲೇ ನನ್ನ ಹೂವಿನ ಅಂಗಡಿ. ಅವನಿಗಿಂತ ಮೊದಲು ಅವನ ಹೊಟ್ಟೆ ಕಾಣುತ್ತಿತ್ತು. "ಹೊಟ್ಟಿ ಬಂದೈತಿ ಅಂದ್ರ ವ್ಯಾಪಾರ ಜೋರೈತಿ" ಎನ್ನುವರು, ಅವನೂ ಹೊಟ್ಟೆ ಸವರಿಕೊಂಡು ನಗುವನು. ಅವನ ಹೆಂಡತಿ ಸುನಂದಾ ದಪ್ಪಗಿದ್ದುದನ್ನು ಮಾತ್ರ ಯಾರಿಗೂ ಸಹಿಸಲಾಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಎಲ್ಲರ ಕಣ್ಣೂ ಅವಳ ಎಲೆಯ ಮೇಲೆ. ಇಂಥ ನ್ಯಾಯಕ್ಕೆ ಬೆಂಕಿ ಹಾಕಬೇಕು.

ಮಾತು ಕೇಳಿ ಕೇಳಿ ಸಾಕಾಗಿ, ಅವಳು ತೂಕ ಇಳಿಸುವ ಆಪರೇಷನ್‌ಗೆಂದು ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ಹೋದಳು. ಜೊತೆಗೆ ಹೋಗಿದ್ದ ಮೈಲಾರಪ್ಪನ ಊದಿದ ಕಾಲು ನೋಡಿ ಡಾಕ್ಟರಮ್ಮ ಅವನಿಗೂ ಸ್ಕ್ಯಾನ್ ಮಾಡಿಸಿದರು. ಸುನಂದಾಳ ಲಿವರ್‌ನಲ್ಲಿ ಕೊಬ್ಬಿತ್ತು, ತೂಕ ಇಳಿದರೆ ಕರಗುವಂಥದ್ದು. ಅವನ ಲಿವರ್ ಗಟ್ಟಿಯಾಗಿ ಕುಗ್ಗಿಹೋಗಿತ್ತು.

"ಹೆಂಗಸರಿಗೆ ಕೊಬ್ಬು ಹೆಚ್ಚಾಗಿ ಸೊಂಟ, ತೊಡೆಗೆ ಸೇರತೈತಿ. ಗಂಡಸರಿಗೆ ಹೊಟ್ಟಿ ಒಳಗ ಸೇರಿ, ಕುಡೀದಿದ್ರೂ ಲಿವರ್ ಕೆಡಸತೈತಿ. ಜನರ ಮಾತಿಗೆ ಹೆದರಿಯಾದ್ರೂ ಹೆಂಗಸರು ನನ್ನ ಹತ್ರ ಬರ್ತಾರ. ಗಂಡಸರು ಬರೋದ್ರಾಗ ತಡ ಆಗಿರತೈತಿ," ಎಂದರು ಡಾಕ್ಟರಮ್ಮ. ಲಿವರ್ ತಜ್ಞರ ಹತ್ತಿರ ಈಗಲೇ ಚಿಕಿತ್ಸೆ ಶುರುಮಾಡಿದರೆ ಇನ್ನೂ ಬಹಳ ಕಾಲ ಬದುಕಬಹುದು ಎಂದೂ ಹೇಳಿದರು.

ಹೊರಗೆ ಬಂದವನೇ ಅವನು ಸುನಂದಾಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡ. "ಆಣಿ ಮಾಡು, ಯಾರಿಗೂ ಹೇಳಬ್ಯಾಡ. ಅವ್ವಗಂತೂ ಬ್ಯಾಡೇ ಬ್ಯಾಡ. ಲಿವರ್ ಹೋಗೈತಿ ಅಂದ್ರ ಕುಡಕ ಅಂತಾರ."

ನಮ್ಮ ಕಡೆ ಲಿವರ್ ಕೆಟ್ಟಿತೆಂದರೆ ಸಾರಾಯಿ ಎಂದೇ ಅರ್ಥ. ಅವನ ಅಪ್ಪ ಹೊನ್ನೂರಪ್ಪ ಹಾಗೇ ಕುಡಿದು ಸತ್ತವನು. ಮೈಲಾರಪ್ಪ ಬಸವೇಶ್ವರನ ಗುಡಿಯಲ್ಲಿ ಆಣೆ ಮಾಡಿ, ಒಂದು ಹನಿ ಮುಟ್ಟದೆ ಬಾಳಿದ. ಕುಡಿಯದವನೆಂಬ ಆ ಹೆಸರು ಕೇಳಿಯೇ ಸುನಂದಾಳ ಅಪ್ಪ ಹೆಣ್ಣು ಕೊಟ್ಟದ್ದು. ಅಂಥ ಹೆಸರನ್ನು ಒಂದು ಸ್ಕ್ಯಾನ್‌ಗೆ ಬಿಟ್ಟುಕೊಡಲು ಅವನು ತಯಾರಿರಲಿಲ್ಲ.

ಸುನಂದಾಳ ಆಪರೇಷನ್ ಆಯಿತು, ಮೈ ಇಳಿಯಿತು. ಇವನು ತಜ್ಞರ ಹತ್ತಿರ ಹೋಗಲೇ ಇಲ್ಲ. ಕೊಳಗಲ್ಲು ಊರಿನಿಂದ ಯಾವುದೋ ನಾಟಿ ಔಷಧದ ಬೇರು ತರಿಸಿ, ಅರೆದು ಕುಡಿದ. ಅವಳು ಕಾಲು ಹಿಡಿದು ಅತ್ತಳು, ಊಟ ಬಿಟ್ಟಳು. ಅವನು ಆಣೆ ನೆನಪಿಸುತ್ತಿದ್ದ, ಅಷ್ಟೇ. ಹೊಟ್ಟೆಯಲ್ಲಿ ನೀರು ತುಂಬಿ ಅಂಗಿಯ ಗುಂಡಿ ಹಾಕಲು ಆಗದಂತಾಯಿತು.

"ಹೆಂಡ್ತಿ ಪಾಲಿಂದೂ ನೀನ ಉಣ್ಣಾಕತ್ತೀ ಏನಲೇ?" ಎಂದು ದಿನದ ಗಿರಾಕಿ ಎರ್ರೆಪ್ಪ ತಮಾಷೆ ಮಾಡಿದ. ಮೈಲಾರಪ್ಪ ನಕ್ಕು ಅವನಿಗೆ ಇನ್ನೊಂದು ಮಿರ್ಚಿ ಹಾಕಿದ.

ಒಂದು ಮಧ್ಯಾಹ್ನ ಬಾಣಲೆಯ ಮುಂದೆಯೇ ರಕ್ತ ಕಾರಿದ. ಬಳ್ಳಾರಿ ಮುಟ್ಟುವ ಮೊದಲೇ ಪ್ರಾಣ ಹೋಯಿತು.

ಮಣ್ಣು ಮಾಡಿ ಬರುವಾಗ ಅದೇ ಎರ್ರೆಪ್ಪ, "ಅಪ್ಪನ್ಹಂಗ ಮಗನೂ ರಕ್ತ ಕಾರಿ ಹೋದ. ಕದ್ದು ಕುಡೀತಿದ್ದ ಕಾಣತೈತಿ," ಎಂದ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ನನ್ನ ಕೈ ಚಪ್ಪಲಿಗೆ ಹೋಗಿತ್ತು. ಆ ಮಾತು ನಮಗಿಂತ ಮೊದಲೇ ಮನೆ ಸೇರಿತ್ತು.

ಸುನಂದಾಳಿಗೆ ತಡೆಯಲಾಗಲಿಲ್ಲ. ಅತ್ತೆ ಗಾದೆಮ್ಮನ ಮುಂದೆ ಕೂತು ಸ್ಕ್ಯಾನು, ಡಾಕ್ಟರಮ್ಮನ ಮಾತು, ಆಣೆ, ಎಲ್ಲ ಹೇಳಿದಳು. "ಅವರು ಕುಡೀಲಿಲ್ಲ ಅತ್ತಿ. ಹೆಸರು ಉಳಿಸಾಕಂತ ನಾನೂ ಬಾಯಿ ಮುಚ್ಕೊಂಡು ಕುಂತೆ."



"ಕುಡಕನ ಹೆಂಡ್ತಿ ಅನ್ನಿಸ್ಕೊಂಡು ಇಷ್ಟು ವರ್ಷ ಬಾಳೀನಿ," ಎಂದಳು ಮುದುಕಿ. "ಕುಡಕನ ತಾಯಿ ಅನ್ನಿಸ್ಕೊಳ್ಳಾಕ ನನಗೇನಾಗ್ತಿತ್ತವ್ವಾ? ನನ್ನ ಮಗ ಇರ್ತಿದ್ನಲ್ಲ."